ತೊಗಟೆ ಮುಟ್ಟಿ ಕಲಿತ ಜೋಗಿಮಟ್ಟಿ

ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲೇ. ಆದರೂ ಊರ ಪಕ್ಕದ ಗುಡ್ಡದ ಕಾಡು ಜೋಗಿಮಟ್ಟಿ ಅಂದರೆ ನನಗೆ ಬಹುಕಾಲ ಮಳೆಗಾಲದ ಮಾತಾಗಿತ್ತು. ಮೋಡ ಇಳಿದ ದಿನ ಗಾಡಿಯಲ್ಲಿ ಮೇಲಕ್ಕೆ ಹೋಗಿ, ಗಾಳಿಗೆ ಮೈಯೊಡ್ಡಿ ನಿಂತು, ಬರುವಾಗ ಮಂಡಕ್ಕಿ ಮಿರ್ಚಿ ತಿಂದರೆ ಮುಗಿಯಿತು. ಮರಗಳ ಕಡೆ ಕಣ್ಣೇ ಹೋಗಿರಲಿಲ್ಲ.

ಮೂರು ವರ್ಷದ ಹಿಂದೆ ಶಿವರಾತ್ರಿ ಕಳೆದ ಮೇಲೆ ಅರಣ್ಯ ಇಲಾಖೆಯವರ ಅನುಮತಿ ಪಡೆದು ದೊಡ್ಡಪ್ಪನ ಜೊತೆ ನಡೆದೇ ಹತ್ತಿದೆ. ಅವರು ಹುಡುಗರಾಗಿದ್ದಾಗ ಇದೇ ತಪ್ಪಲಲ್ಲಿ ಕುರಿ ಕಾದವರು. ದಾರಿಯಲ್ಲಿ ಸಿಗುವ ಆಡುಮಲ್ಲೇಶ್ವರ ದಾಟುವಷ್ಟರಲ್ಲಿ ಕಾಡು ಪೂರ್ತಿ ಬೋಳು. ಅಲ್ಲಲ್ಲಿ ಮುತ್ತುಗದ ಹೂ ಮಾತ್ರ ಕೆಂಡದ ಹಾಗೆ. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು.

"ಎಲೆ ಇಲ್ಲದಾಗ ಬಂದಿದ್ದು ಒಳ್ಳೇದಾತು ಬಿಡಪಾ. ಎಲೆ ಉದುರಿ ಹೋಗ್ತತಿ, ತೊಗಟೆ ಹನ್ನೆರಡು ತಿಂಗ್ಳೂ ಇರ್ತತಿ. ಮುಟ್ಟಿ ನೋಡು."

ಮೊದಲು ದಿಂಡಿಗದ ಮರ. ಬೂದುಬಿಳುಪು, ನುಣುಪು, ಚಕ್ಕೆ ಬಿದ್ದ ಕಡೆ ಹೆಬ್ಬೆರಳು ಕೂರುವಷ್ಟು ತಗ್ಗು. ಅದರ ಅಂಟು ತಿನ್ನುತ್ತಿದ್ದರಂತೆ. ಕಗ್ಗಲಿಯದು ಒರಟು, ಕೊಂಬೆಯಲ್ಲಿ ಜೋಡಿ ಕೊಕ್ಕೆಮುಳ್ಳು. ಎಲೆಯಡಿಕೆಗೆ ಹಾಕುವ ಕಾಚು ಬರುವುದು ಇದರ ಒಳಮರದಿಂದ ಅಂತ ಅವತ್ತೇ ತಿಳಿದದ್ದು. ತುಗ್ಗಲಿಯ ಸೊಪ್ಪು ಒಣಗಿಸಿ ಪುಡಿ ಮಾಡಿ ತಲೆಗೆ ಹಚ್ಚುತ್ತಿದ್ದರು. ಹೀಗೆ ಒಂದೊಂದು ಮರದ ಹತ್ತಿರ ನಿಂತು ನಿಂತು, ಮೇಲೆ ತಲುಪುವಾಗ ಬಿಸಿಲೇರಿತ್ತು. ಅಲ್ಲಿಂದ ನೋಡಿದರೆ ಸುತ್ತಲೂ ಬಂಡೆಗುಡ್ಡಗಳ ಸಾಲು. ಆದರೆ ನನ್ನ ಕೈಗೆ ಅಂಟಿದ್ದ ತೊಗಟೆಯ ವಾಸನೆಯೇ ಆ ದಿನದ ದೊಡ್ಡ ನೆನಪು.

ಬೇಸಿಗೆಯಲ್ಲಿ ಹೋಗುವವರಿಗೆ ಎರಡು ಮಾತು. ಬಾದೆಹುಲ್ಲು ಒಣಗಿರುತ್ತದೆ, ಬೀಡಿ ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ. ಕರಡಿ, ಚಿರತೆ ಇರುವ ಕಾಡು, ಸಂಜೆಗೆ ಮುಂಚೆ ಇಳಿದುಬಿಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರಂತೂ ಬೇಕೇ ಬೇಕು.

ಜೋಗಿಮಟ್ಟಿ ಹತ್ತಿದ ಮರುದಿನ ಊರ ಪಕ್ಕದ ಚಂದ್ರವಳ್ಳಿಗೆ ಹೋದೆವು. ರೋಮನ್ ಚಕ್ರವರ್ತಿ ಅಗಸ್ಟಸ್‌ನ ನಾಣ್ಯಗಳು ಸಿಕ್ಕ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ; ಅವನು ಕೆರೆ ಕಟ್ಟಿಸಿದ ಸಂಗತಿ. ಅಭ್ಯಾಸಬಲದಿಂದ ಕೈ ಚಾಚಿದೆ. ದೊಡ್ಡಪ್ಪ ಮಣಿಕಟ್ಟು ಹಿಡಿದರು. "ಇದು ಮರ ಅಲ್ಲಪಾ, ಮತ್ತೆ ತೊಗಟೆ ಬರಲ್ಲ."

ಆ ಶ್ರಾವಣದಲ್ಲಿ ಒಬ್ಬನೇ ಅದೇ ದಾರಿಗೆ ಹೋದೆ. ಎಲ್ಲೆಲ್ಲೂ ಹಸಿರು, ಒಂದು ಮರವೂ ಗುರುತು ಸಿಗಲಿಲ್ಲ. ಕಣ್ಣು ಮುಚ್ಚಿ ಒಂದರ ಕಾಂಡ ಸವರಿದೆ. ನುಣುಪು, ಹೆಬ್ಬೆರಳಿನಷ್ಟು ತಗ್ಗು. ದಿಂಡಿಗ.