ಎ.ಸಿ. ಕೈಕೊಟ್ಟರೆ ಮೊದಲು ಗ್ಯಾಸ್ ತುಂಬಿಸಬೇಡಿ

ಮಂಡ್ಯ ದಾಟುವಷ್ಟರಲ್ಲಿ ನನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಎ.ಸಿ.ಯಲ್ಲಿ ಬಿಸಿಗಾಳಿ ಬರತೊಡಗಿತು. ಗ್ಯಾರೇಜಿನಲ್ಲಿ ಸುಮ್ನೆ ಗ್ಯಾಸ್ ತುಂಬಿದರು, ದುಡ್ಡು ಹೋಯಿತು.

ನೀವು ಎಂಜಿನ್ ಆನ್ ಮಾಡಿ, ಬಾನೆಟ್ ಎತ್ತಿ, ಎ.ಸಿ. ಹಾಕಿಸಿ. ಕಂಪ್ರೆಸರ್ (ಎ.ಸಿ. ಗ್ಯಾಸನ್ನು ಒತ್ತಿ ಓಡಿಸುವ ಪಂಪು) ಕಡೆಯಿಂದ 'ಟಕ್' ಅಂತ ಸದ್ದು ಬಂತಾ? ಕಂಪ್ರೆಸರಿಗೇ ಇರುವ ಕ್ಲಚ್ಚಿನ ಮುಂದಿನ ತಟ್ಟೆ, ಬೆಲ್ಟ್ ತಿರುಗಿಸುವ ಪುಲ್ಲಿ ಜೊತೆ ತಿರುಗುತ್ತಿದೆಯಾ? ಬೆಲ್ಟಿನಿಂದ ಕೈ ದೂರ ಇರಲಿ. ತಿರುಗದಿದ್ದರೆ ಫ್ಯೂಸ್ ನೋಡಿ. ಕ್ಲಚ್ಚಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚು, ಅಂದರೆ ರಿಲೇ ಕಿತ್ತು, ಅದೇ ನಂಬರಿನ ಇನ್ನೊಂದು ಹಾಕಿ ನೋಡಿ. ಆಮೇಲೆ ಕ್ಲಚ್ ವೈರಿಗೆ 12 ವೋಲ್ಟ್ ಬರುತ್ತಿದೆಯಾ ಅಂತ ಮಲ್ಟಿಮೀಟರಿನಲ್ಲಿ ಅಳೆಯಿರಿ. ಬಂದೂ ತಿರುಗದಿದ್ದರೆ ಅರ್ತ್ (ಕರೆಂಟ್ ಕಾರಿನ ಲೋಹದ ಮೈಗೆ ವಾಪಸ್ ಹೋಗುವ ವೈರು) ಇಲ್ಲವೇ ಕ್ಲಚ್ ತಟ್ಟೆಯನ್ನು ಎಳೆಯುವ ಕಾಯಿಲ್ ಅನುಮಾನಿಸಿ. ಬರದಿದ್ದರೆ ಪ್ರೆಷರ್ ಸ್ವಿಚ್ ನೋಡಿ; ಗ್ಯಾಸ್ ತೀರಾ ಕಮ್ಮಿಯಾದರೆ ಅದೇ ಕರೆಂಟ್ ತಡೆಯುತ್ತದೆ.

ನನ್ನ ಕಾರಿನಲ್ಲಿ ಕೆಟ್ಟಿದ್ದು ಅರ್ತ್. ಬೋಲ್ಟಿನಡಿ ವೈರಿನ ತುದಿಗೆ ಹಸಿರು ಪುಡಿ ಕಟ್ಟಿತ್ತು. ಸ್ಯಾಂಡ್ ಪೇಪರಿನಲ್ಲಿ ತಾಮ್ರ ಹೊಳೆಯುವವರೆಗೂ ತಿಕ್ಕಿ ಬಿಗಿ ಮಾಡಿದೆ. ಅವತ್ತು ಸಂಜೆ ಚಾಮುಂಡಿ ಬೆಟ್ಟ ಹತ್ತುವಾಗಲೂ ತಣ್ಣನೆ ಗಾಳಿ ಬಂತು.