ಆಜ್ಞೆ ಮೀರಿದ ಜವಾನನ ಶಿಕ್ಷೆ ಇಳಿಸಲು ಅರ್ಜಿ: ನಾನು ಅನುಸರಿಸುವ ಕ್ರಮ

ಬೆಳಗಾವಿ ಕಡೆಯ ಮನೆಮಂದಿ ಬಂದು ‘ಹುಡುಗ ಹುಕುಂ ಮೀರ್ಯಾನಂತ್ರಿ’ ಅಂದರೆ ನಾನು ಮೊದಲು ಕೇಳುವುದು ಚಾರ್ಜ್‌ಶೀಟ್. ಸೇನಾ ಕಾಯ್ದೆ, 1950ರ ಕಲಂ 41ರಲ್ಲಿ ಎರಡು ಬಗೆಗಳಿವೆ. ಅಧಿಕಾರಿ ಖುದ್ದಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದರೆ 41(1), 14 ವರ್ಷದ ತನಕ ಜೈಲು. ಬರೀ ಪಾಲಿಸದಿದ್ದರೆ 41(2): ಸಕ್ರಿಯ ಸೇವೆಯಲ್ಲಿ 14, ಉಳಿದಂತೆ 5. ರಜೆ ಮುಗಿದ ಮೇಲೂ ಊರಲ್ಲೇ ಉಳಿದದ್ದು ಕಲಂ 39ರ ಬಾಬತ್ತು, 3 ವರ್ಷ.

ಇಂಥ ಕೇಸು ಸಾಮಾನ್ಯವಾಗಿ ನಡೆಯುವ ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ (ಘಟಕದೊಳಗಿನ ಚುಟುಕು ಸೇನಾ ವಿಚಾರಣೆ) ಕಮಾಂಡಿಂಗ್ ಆಫೀಸರ್ ಒಬ್ಬರೇ ಕೋರ್ಟು. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ 1 ವರ್ಷ, ಕೆಳಗಿನವರಾದರೆ 3 ತಿಂಗಳ ತನಕ ಜೈಲು. ಅದಕ್ಕಿಂತ ಕಡಿಯುವುದು ಡಿಸ್ಮಿಸ್ (ಸೇವೆಯಿಂದ ವಜಾ); ಪಿಂಚಣಿಗೇ ಕುತ್ತು. ‘ತಪ್ಪಾಗೇತ್ರಿ ಸಾಹೇಬ್ರ’ ಅಂದರೆ ಕರುಣೆ ಸಿಕ್ಕೀತೆಂದು ಹುಡುಗರು ಒಪ್ಪಿಕೊಂಡುಬಿಡುತ್ತಾರೆ. ಆ ಒಪ್ಪಿಗೆಯೇ ತೀರ್ಪಾಗುತ್ತದೆ. ಅದನ್ನು ಬರೆದುಕೊಳ್ಳುವ ಮುನ್ನ ಆರೋಪದ ಅರ್ಥವನ್ನೂ ಒಪ್ಪಿಗೆಯ ಪರಿಣಾಮವನ್ನೂ ತಿಳಿಸಬೇಕೆನ್ನುತ್ತದೆ ಸೇನಾ ನಿಯಮ 115(2). ನಡವಳಿಯ ಪ್ರತಿ ತರಿಸಿ ಆ ಪುಟವನ್ನೇ ಮೊದಲು ತೆರೆಯುತ್ತೇನೆ.

ಈ ಕೋರ್ಟಿನ ಶಿಕ್ಷೆಗೆ ಮೇಲಧಿಕಾರಿಯ ದೃಢೀಕರಣ ಬೇಕಿಲ್ಲ. ಆದರೂ ಜನರಲ್ ಕೋರ್ಟ್ ಮಾರ್ಷಲ್‌ನ ಹಳೇ ನಮೂನೆ ನಕಲು ಮಾಡಿ, ಅರ್ಜಿಯಲ್ಲಿ ಸೇನಾ ಕಾಯ್ದೆಯ ಕಲಂ 164(1), ಅಂದರೆ ದೃಢೀಕರಣಕ್ಕೆ ಮುಂಚಿನ ಅರ್ಜಿ, ಎಂದು ಬರೆಯುವವರಿದ್ದಾರೆ. ಬರೆಯಬೇಕಾದದ್ದು 164(2): ಶಿಕ್ಷೆಯಾದ ಮೇಲೆ ಮೇಲಿನವರಿಗೆ ಸಲ್ಲಿಸುವ ಅರ್ಜಿ.

ಶಿಕ್ಷೆ ಅತಿಯಾಯಿತು ಅನ್ನಲು ನನಗೆ ಆಧಾರ 1987ರ ರಣಜಿತ್ ಠಾಕೂರ್ ತೀರ್ಪು. 28 ದಿನದ ಶಿಕ್ಷೆಯಲ್ಲಿದ್ದ ಸಿಗ್ನಲ್‌ಮನ್ ಊಟ ಮಾಡೆಂಬ ಆಜ್ಞೆ ಪಾಲಿಸಲಿಲ್ಲ. 1 ವರ್ಷ ಕಠಿಣ ಸಜೆ, ಜೊತೆಗೆ ಡಿಸ್ಮಿಸ್. ಅವನು ಯಾರ ಮೇಲೆ ದೂರಿದ್ದನೋ ಅವರೇ ವಿಚಾರಣೆಗೆ ಕೂತಿದ್ದರು. ಶಿಕ್ಷೆ ಅಪರಾಧಕ್ಕೂ ಅಪರಾಧಿಗೂ ತಕ್ಕಂತಿರಬೇಕೆಂದು ಬರೆದವರು ನಮ್ಮ ಕನ್ನಡಿಗ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಆದರೆ ಈ ತೀರ್ಪನ್ನು ಕಂಡಕಂಡಲ್ಲಿ ಅಂಟಿಸುವುದು ದಂಡ. ಮೊದಲೂ ಹಲವು ಸಲ ಗೈರಾಗಿದ್ದ ವಿದ್ಯಾ ಪ್ರಕಾಶ್‌ನ ಡಿಸ್ಮಿಸ್ಸನ್ನು 1988ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಹಾಗಾಗಿ ರೆಡ್ ಇಂಕ್ ಎಂಟ್ರಿ (ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಹಿಂದಿನ ಶಿಕ್ಷೆ) ಎಷ್ಟಿವೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ; ಸೇವೆಯ ವರ್ಷ, ಪದಕ, ಫೀಲ್ಡ್ ಪೋಸ್ಟಿಂಗ್ ಪಕ್ಕದಲ್ಲೇ ಬರೆಯುತ್ತೇನೆ. ತಾಯಿಯ ಕಾಯಿಲೆಯ ಚೀಟಿಗೆ ಘಟನೆಗಿಂತ ಹಿಂದಿನ ತಾರೀಖು ಇರಲೇಬೇಕು. ಆಮೇಲೆ ತರಿಸಿದ ಚೀಟಿ ಇಡೀ ಅರ್ಜಿಯನ್ನೇ ಕೆಡಿಸುತ್ತದೆ.

164(2)ರ ಅರ್ಜಿಯಿಂದಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಪೀಠ. ಆ ಮಂಡಳಿಯ 2007ರ ಕಾಯ್ದೆಯ ಕಲಂ 15(6)ರಡಿ ಅದು ಶಿಕ್ಷೆ ಇಳಿಸಬಹುದು, ಅಹವಾಲು ಕೇಳಿ ಏರಿಸಲೂಬಹುದು. ಕಕ್ಷಿದಾರನಿಗೆ ಇದನ್ನು ಮೊದಲೇ ಹೇಳುತ್ತೇನೆ. ಬೇಡಿಕೆಯ ಕೊನೆಗೆ ತಪ್ಪದೆ ಒಂದು ಸಾಲು: ಪೂರ್ತಿ ರದ್ದು ಮಾಡದಿದ್ದರೆ ಡಿಸ್ಮಿಸ್ಸನ್ನು ಡಿಸ್ಚಾರ್ಜ್ (ಸೇವೆಯಿಂದ ಬರೀ ಬಿಡುಗಡೆ) ಎಂದಾದರೂ ಬದಲಿಸಿ.