ವಾರದ ವಿಷಯಕ್ಕೆ ಪದ್ಯ ಕಟ್ಟುವುದು: ನನ್ನ ಅನುಭವ

ನಮ್ಮ ವಾಟ್ಸಾಪ್ ಬಳಗದಲ್ಲಿ ವಾರಕ್ಕೊಂದು ವಿಷಯ ಕೊಡುತ್ತಾರೆ. ಒಮ್ಮೆ ಚಿತ್ರ, ಒಮ್ಮೆ ಒಂದು ಪದ, ಇನ್ನೊಮ್ಮೆ ಅವಧಾನದಲ್ಲಿ (ಸಭೆಯಲ್ಲಿ ಕೇಳಿದ ಹಾಗೆಲ್ಲ ಆಶುವಾಗಿ ಪದ್ಯ ಕಟ್ಟುವ ಕಲೆ) ಇರುತ್ತಲ್ಲ, ಆ ಥರದ ದತ್ತಪದಿ, ಅಂದರೆ ಕೊಟ್ಟ ನಾಲ್ಕು ಪದಗಳನ್ನೂ ಪದ್ಯದೊಳಗೆ ತರಬೇಕು. ನನಗೆ ಇಂಥ ಬಿಗಿ ವಿಷಯಗಳೇ ಜಾಸ್ತಿ ಇಷ್ಟ. 'ಅಮ್ಮ', 'ಮಳೆ' ಅಂತ ಕೊಟ್ಟರೆ ಏನು ಬೇಕಾದರೂ ಬರೆಯಬಹುದು, ಅದಕ್ಕೇ ಎಲ್ಲರ ಪದ್ಯವೂ ಒಂದೇ ಥರ ಆಗಿಬಿಡುತ್ತದೆ.

ವಿಷಯ ಬಂದ ದಿನ ನಾನು ಪದ್ಯಕ್ಕೆ ಕೈ ಹಾಕುವುದಿಲ್ಲ. ತಲೆಗೆ ಬಂದದ್ದನ್ನೆಲ್ಲ ಗೀಚಿ ಪಕ್ಕಕ್ಕಿಡುತ್ತೇನೆ. ಅಷ್ಟು ಬೇಗ ನನಗೆ ಹೊಳೆದದ್ದು ಉಳಿದವರಿಗೂ ಹೊಳೆದಿರುತ್ತದೆ, ಅಲ್ವಾ? ಹಳೇ ಹೆಂಚಿನ ಮನೆಯ ಕಿಟಕಿಯ ಚಿತ್ರ ಕೊಟ್ಟ ವಾರ ಮೊದಲು ಬಂದದ್ದು ಪಂಜರ, ಸರಳು, ದಾರಿ ಕಾಯುವ ಹೆಣ್ಣು. ಮೂರನ್ನೂ ಬಿಟ್ಟೆ.

ಆಮೇಲೆ ಛಂದಸ್ಸು. ನನ್ನ ಕೈಗೆ ಒಗ್ಗಿದ್ದು ಶರ ಷಟ್ಪದಿ, ಆರು ಸಾಲಿನ ಪದ್ಯ. ಎಲ್ಲವೂ ನಾಲ್ಕು ಮಾತ್ರೆಯ ಗಣಗಳು (ಗಣ ಅಂದರೆ ಅಕ್ಷರಗಳ ಗುಂಪು; ಲಘು ಅಂದರೆ ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಗುರು ಅಂದರೆ ಎಳೆದು ಅಥವಾ ಒತ್ತಿ ಹೇಳುವ ಅಕ್ಷರಕ್ಕೆ ಎರಡು). 1, 2, 4, 5ನೇ ಸಾಲಿಗೆ ಎರಡೆರಡು ಗಣ, 3 ಮತ್ತು 6ನೇ ಸಾಲಿಗೆ ಮೂರು ಗಣ, ಮೇಲೊಂದು ಗುರು. ಜೊತೆಗೆ ಆದಿಪ್ರಾಸ: ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಹಲವರು ಪ್ರಾಸ ಅಂದರೆ ಕೈ ಕಟ್ಟಿಹಾಕಿದ ಹಾಗೆ ಅನ್ನುತ್ತಾರೆ. ನನಗೆ ದಾರಿ ಸಿಗುವುದೇ ಅಲ್ಲಿ. 'ಹಳೆ'ಯ ಳಕಾರ ಹಿಡಿದು ಹಾಳೆಯ ಅಂಚಿನಲ್ಲಿ ಬರೆಯುತ್ತಾ ಹೋದೆ: ಮಳೆ, ಕಳೆ, ಎಳೆ, ಒಳ, ಹೊಳೆ, ಬಳೆ. ಚಿತ್ರದಲ್ಲಿ ಯಾರೂ ಇರಲಿಲ್ಲ. ಆದರೆ 'ಬಳೆ' ಅಂತ ಬರೆದ ತಕ್ಷಣ ಕಿಟಕಿಯ ಆಚೆಯಿಂದ ಸದ್ದು ಕೇಳಿಸಿತು, ಪದ್ಯದ ಉತ್ತರಾರ್ಧ ಹೀಗೆ ಬಂತು:

ಒಳಮನೆಯಜ್ಜಿಯ
ಬಳೆಗಳ ಸದ್ದಿಗೆ
ಹೊಳೆಯಿತು ಹಿತ್ತಲ ಕತ್ತಲೆಯೂ

ಕತ್ತಲೆ ಹೊಳೆಯುವುದು ನನ್ನ ಯೋಚನೆಯಲ್ಲೇ ಇರಲಿಲ್ಲ, ಅದನ್ನು ತಂದುಕೊಟ್ಟದ್ದು ಪ್ರಾಸ.

ಬರೆದ ಮೇಲೆ ತಾಳ ಹಾಕಿ ಜೋರಾಗಿ ಓದುತ್ತೇನೆ. ಮಾತ್ರೆ ಸಾಲದ ಕಡೆ ಸುಮ್ನೆ ಒಂದು 'ತಾ' ತುರುಕಿದ್ದರೆ ನಾಲಿಗೆಗೆ ಆಗಲೇ ಗೊತ್ತಾಗುತ್ತದೆ, ಆಗ ಆ ಸಾಲನ್ನೇ ಬದಲಿಸುತ್ತೇನೆ. ನನ್ನದನ್ನು ಕಳಿಸುವ ತನಕ ಬೇರೆಯವರ ಪದ್ಯ ಓದುವುದಿಲ್ಲ. ಓದಿದ ಮೇಲೆ ಬರೀ 'ಸೂಪರ್' ಅನ್ನದೆ, ಯಾವ ಸಾಲು ಹಿಡಿಸಿತು ಅಂತ ಬರೆಯುತ್ತೇನೆ.

ದತ್ತಪದಿಯ ವಾರ ಮಾತ್ರ ಕ್ರಮ ಬೇರೆ. ಎಲ್ಲಕ್ಕಿಂತ ಮೊಂಡು ಪದವನ್ನು ಮೊದಲು ಕೂರಿಸಬೇಕು. 'ಕಾರು' ಸುಲಭ, 'ಕಾರುಣ್ಯ'ದೊಳಗೆ ಹೋಗುತ್ತದೆ. 'ಪೆನ್ನು' ಕೊಟ್ಟರೆ 'ತಪ್ಪೆನ್ನುವ' ಥರದ ಜಾಗ ಹುಡುಕಿ, ಅದರ ಸುತ್ತ ಉಳಿದ ಸಾಲು ಕಟ್ಟುತ್ತೇನೆ.